ಗೋಡೆಗೊಂದು ರೈಲು

ಈ ವಯಸ್ಸಿನಲ್ಲಿ ಆಟದ ರೈಲು ಓಡಿಸುತ್ತೇನೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಹೆಂಡತಿ ಸರೋಜ ಅದನ್ನು ಮನೆಗೆ ಬಂದವರಿಗೆ ಹೇಳುವ ರೀತಿ ಮಾತ್ರ ಸ್ವಲ್ಪ ನಾಚಿಕೆ ತರಿಸುತ್ತದೆ. "ಕೂತ್ಕೊಳಿ, ನಮ್ಮೆಜಮಾನ್ರು ಡ್ಯೂಟಿ ಮೇಲಿದ್ದಾರೆ. ಗಾಡಿ ಬಿಟ್ಬಿಟ್ಟು ಬರ್ತಾರೆ" ಎನ್ನುತ್ತಾಳೆ. ಅಂಚೆ ಕಚೇರಿಯಿಂದ ನಿವೃತ್ತನಾದವನಿಗೆ ಇನ್ಯಾವ ಡ್ಯೂಟಿ ಎಂದು ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಶಿಡ್ಲಘಟ್ಟದ ನಮ್ಮ ಮನೆಯ ಹಿಂಭಾಗದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯೊಂದಿದೆ. ಅಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ, ಅದರ ಮೇಲೆ ಹಳಿ ಹಾಸಿದ್ದೇನೆ. ರಟ್ಟಿನ ಗೌರಿಬಿದನೂರು ಇದೆ, ರಟ್ಟಿನ ಚಿಕ್ಕಬಳ್ಳಾಪುರ ಇದೆ. ನಾನು ಹುಟ್ಟಿದ ನಗರಗೆರೆಗೂ ಒಂದು ಸ್ಟೇಷನ್ ಕೊಟ್ಟಿದ್ದೇನೆ. ಅದಕ್ಕೆ ಯಾರಿಗೂ ಮನವಿ ಸಲ್ಲಿಸಬೇಕಾಗಲಿಲ್ಲ, ಒಂದು ಚಪ್ಪಲಿ ಡಬ್ಬ ಸಾಕಾಯಿತು.

ಕೊರತೆ ಇದ್ದದ್ದು ಗೋಡೆಯಲ್ಲಿ. ಒಂದು ದಿನ ಸರೋಜ ಬಾಗಿಲಲ್ಲೇ ನಿಂತು ಕೋಣೆಯನ್ನು ಕಣ್ಣಲ್ಲೇ ಅಳೆದಳು. "ಗೋಡೆ ನೋಡಿದ್ರೆ ಗೋಡೌನ್ ಥರಾ ಇದೆ ಕಣ್ರೀ. ಮೇಲೂರಿಂದ ರಾಗಿ ಬರೋದ್ರೊಳಗೆ ಇದು ರೂಮು ಅನ್ನಿಸಿದ್ರೆ ನಿಮ್ದು. ಇಲ್ಲಾಂದ್ರೆ ಮೂಟೆ ಯಾವಾಗ್ಲಿನ ಹಾಗೆ ಇಲ್ಲಿಗೇ." ಮೇಲೂರು ಅವಳ ತವರು. ಒಕ್ಕಣೆ ಮುಗಿದ ಮೇಲೆ ನನ್ನ ಭಾಮೈದ ಪ್ರತಿ ವರ್ಷ ತಪ್ಪದೆ ರಾಗಿ ಕಳಿಸುತ್ತಾನೆ. ಅವನ ಪ್ರೀತಿಗೆ ಆ ವರ್ಷ ನಾನು ಮೊದಲ ಬಾರಿಗೆ ಹೆದರಿಕೆಯಿಂದ ಕಾದೆ.

ರೈಲಿನ ಚಿತ್ರ ಹುಡುಕಲು ಹೊರಟ ಮೇಲೆ ನನಗೆ ತಿಳಿದದ್ದು, ಪ್ರಪಂಚದಲ್ಲಿ ರೈಲಿನ ಚಿತ್ರಗಳಿಗೆ ಬರವಿಲ್ಲ, ನಮ್ಮ ಕಡೆಯ ರೈಲಿನ ಚಿತ್ರಗಳಿಗೆ ಮಾತ್ರ ಬರ. ಮೊಬೈಲಿನಲ್ಲಿ ತರಿಸಿದ ಮೊದಲ ಚಿತ್ರದಲ್ಲಿ ಗಾಡಿಯೊಂದು ಮೊಣಕಾಲುದ್ದ ಹಿಮದೊಳಗೆ ನುಗ್ಗಿ ಬರುತ್ತಿತ್ತು. ಸರೋಜ ಅದನ್ನು ಬಹಳ ಹೊತ್ತು ನೋಡಿ, "ಪಾಪ, ಸ್ವೆಟರ್ರಾದ್ರೂ ಹಾಕ್ರೀ" ಎಂದಳು. ಅದು ಬಂದ ಡಬ್ಬದಲ್ಲೇ ವಾಪಸು ಹೋಯಿತು.

ಗೌರಿಬಿದನೂರಿನಲ್ಲಿ ರೈಲ್ವೆಯಿಂದ ನಿವೃತ್ತನಾದ ಗೆಳೆಯ ಕೃಷ್ಣಪ್ಪನಿದ್ದಾನೆ. ಅವನ ಮನೆಯಲ್ಲಿ ಗೋಡೆ ತುಂಬ ರೈಲುಗಳಿರುತ್ತವೆ ಎಂದುಕೊಂಡು ಹೋದೆ. ಇದ್ದದ್ದು ಒಂದೇ ಚಿತ್ರ, ಜಲಪಾತದ್ದು. "ಸರ್ವೀಸೆಲ್ಲಾ ಅದನ್ನೇ ನೋಡಿದ್ದೀನಲ್ಲಪ್ಪ, ಮನೇಲೂ ಅದನ್ನೇ ನೋಡ್ಲಾ?" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ನನ್ನ ಮನೆಯ ಗೋಡೆಯ ಮೇಲೂ ಒಂದು ಅಂಚೆಪೆಟ್ಟಿಗೆಯಿಲ್ಲ. ಆದರೂ ಅವನು ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಬೀರುವಿನ ತಳದಿಂದ ಅಂಗೈಯಗಲದ ಕಪ್ಪು ಬಿಳುಪು ಫೋಟೋ ತೆಗೆದುಕೊಟ್ಟ. ಒಂದು ಕಾಲದಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ನಡುವೆ ಓಡುತ್ತಿದ್ದ ಸಣ್ಣ ಹಳಿಯ ಪುಟ್ಟ ರೈಲು. ಎಂಜಿನ್ ನೆಟ್ಟಗೆ ನಮ್ಮನ್ನೇ ನೋಡುತ್ತಾ, ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕುಳಿತ ಹಿರಿಯರಂತೆ ಗಂಭೀರವಾಗಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ನಮ್ಮೂರಿನ ಅನ್ವರ್ ಸಾಬರ ಫ್ರೇಮಿನ ಅಂಗಡಿಗೆ ಕೊಟ್ಟೆ. ಇಲ್ಲಿ ನಮ್ಮ ಮನೆಗಳ ಗೋಡೆಗಳ ವಿಷಯ ಒಂದು ಮಾತು ಹೇಳಬೇಕು. ಅಲ್ಲಿ ಜಾಗ ಸಿಗುವುದು ಸುಲಭವಲ್ಲ. ದೇವರಿಗೆ ಮೊದಲ ಹಕ್ಕು, ಕ್ಯಾಲೆಂಡರಿಗೆ ಎರಡನೆಯದು. ಬದುಕಿರುವ ಮನುಷ್ಯ ಮದುವೆಯ ದಿನ ಒಮ್ಮೆ ಗೋಡೆ ಏರಿದರೆ, ಮತ್ತೆ ಏರುವುದು ಹೋದ ಮೇಲೆಯೇ. ಅನ್ವರ್ ಸಾಬರು ಈ ಶಾಸ್ತ್ರದಲ್ಲಿ ಪಂಡಿತರು. ಯಾವ ದೇವರಿಗೆ ಯಾವ ಬಣ್ಣದ ಕಟ್ಟು ಎಂಬುದನ್ನು ನಮ್ಮ ಪುರೋಹಿತರೂ ಅವರನ್ನು ಕೇಳಿಯೇ ಹೇಳುತ್ತಾರೆ.

ಚಿತ್ರ ಸಿದ್ಧವಾದ ದಿನ ಕಾಗದ ಬಿಚ್ಚಿ ನೋಡಿದೆ. ಎಂಜಿನ್ನಿಗೆ ಹೊಗೆಕೊಳವೆಯ ಕೆಳಗೆ ಸರಿಯಾಗಿ ಹಣೆ ನೋಡಿ ಕುಂಕುಮದ ಬೊಟ್ಟು. ಕೊರಳಿಗೆ ಗಂಧದ ಚಕ್ಕೆಯ ಹಾರ. ಕಟ್ಟಿನ ನೆತ್ತಿಯ ಮೇಲೆ ಕೆಂಪು ಜೀರೋ ಕ್ಯಾಂಡಲ್ ಬಲ್ಬು.

"ಇದೇನ್ ಸಾಬ್ರೇ?" ಎಂದೆ.

ಅವರು ಒಂದು ಕ್ಷಣ ತಬ್ಬಿಬ್ಬಾಗಿ ತಲೆ ಕೆರೆದುಕೊಂಡರು. "ಹಳೇ ಫೋಟೋ, ಕಪ್ಪು ಬಿಳುಪು, ದೊಡ್ಡದು ಮಾಡ್ಸಿ ಅಂದ್ರಿ. ನನ್ ಹತ್ರ ಅಂಥಾದ್ದು ಬರೋದೆಲ್ಲ ಹೋದೋರದ್ದೇ ಸಾರ್. ಕೈಗೆ ಅಭ್ಯಾಸ ಆಗ್ಬಿಟ್ಟೈತೆ." ಹಾರ ತೆಗೆಯಲು ಕೈಯೆತ್ತಿದವರು ಅಲ್ಲೇ ನಿಂತರು. "ಆದ್ರೂ ನೀವೇ ಯೋಚ್ನೆ ಮಾಡಿ, ಈ ಗಾಡಿ ಏನ್ ಬದುಕೈತಾ?"

ನಾನು ಚಿತ್ರಕ್ಕೆ ಮತ್ತೆ ಕಾಗದ ಸುತ್ತಿಕೊಂಡೆ. ಹಾರದ ಸಮೇತ ಮನೆಗೆ ತಂದೆ.

ಸರೋಜ ನಗುತ್ತಾಳೆ, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿಸುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ನಕ್ಕದ್ದೂ ನಿಜ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಹೋದಳು. "ಇದು ನಮ್ ರೈಲಲ್ವೇನ್ರೀ? ಅಪ್ಪ ನನ್ನನ್ನ ಚಿಂತಾಮಣಿಗೆ ಸೋದರಮಾವನ ಮನೆಗೆ ಇದ್ರಲ್ಲೇ ಕರ್ಕೊಂಡು ಹೋಗ್ತಿದ್ರು. ಇದು ಕೂಗಿದ್ರೆ ಅಪ್ಪನ ಪಂಚೆ ಹಿಂದೆ ಬಚ್ಚಿಟ್ಕೊತಿದ್ದೆ" ಎಂದಳು. ಅವಳ ಕಣ್ಣಿನ ನೀರು ಇನ್ನೂ ಆರಿರಲಿಲ್ಲ. ಅದು ಈಗಲೂ ನಗುವಿನದ್ದೇ ಎಂದು ನನಗೆ ಅನ್ನಿಸಲಿಲ್ಲ. ನಾನು ಮೊಳೆ, ಸುತ್ತಿಗೆ ತಂದು ಚಿತ್ರವನ್ನು ಹಿಂದಿನ ಕೋಣೆಯ ಗೋಡೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ದೇವರಿಗೆ ಹೂ ಇಟ್ಟು, ಅವಳ ಅಪ್ಪನ ಫೋಟೋಗೆ ಇಟ್ಟು, ಉಳಿದ ಕನಕಾಂಬರವನ್ನು ತಂದು ಎಂಜಿನ್ನಿಗೂ ಇಟ್ಟಳು. ನಾನು ಏನೂ ಕಾಣದವನಂತೆ ನಗರಗೆರೆಯ ಸಿಗ್ನಲ್ ಒರೆಸುತ್ತಿದ್ದೆ.

ರಾಗಿ ಬಂದೇ ಬಂತು. ಮೂಟೆ ಹೊತ್ತವನು ಅಭ್ಯಾಸಬಲದಿಂದ ಹಿಂದಿನ ಕೋಣೆಯ ಕಡೆ ತಿರುಗಿದ. "ಅಲ್ಲಿ ಬೇಡಪ್ಪ, ಹೂ ಇಟ್ಟಿರೋ ಜಾಗ" ಎಂದು ಸರೋಜ ಅವನನ್ನು ತಡೆದು, ಮೂಟೆಗಳನ್ನು ಹಾಲಿನಲ್ಲಿ ಟಿವಿಯ ಪಕ್ಕ ಒಟ್ಟಿಸಿದಳು. ಕೋಣೆ ನನ್ನದಾಯಿತು ಎಂದು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಮಾರನೆಯ ದಿನದವರೆಗೆ ಮಾತ್ರ. ಬೆಳಗಿನ ಗಾಡಿ ಬಿಡಲು ಚಪ್ಪಲಿ ಮೆಟ್ಟಿಕೊಂಡು ಹೋದವನನ್ನು ಬಾಗಿಲಲ್ಲೇ ನಿಲ್ಲಿಸಿದಳು. "ಸ್ನಾನ ಆಯ್ತಾ?"

ಈಗ ನಮ್ಮ ಮನೆಯ ಗಾಡಿಗಳೆಲ್ಲ ನನ್ನ ಸ್ನಾನಕ್ಕೆ ಕಾಯುತ್ತವೆ. ನೀರು ಕಾಯುವುದು ತಡವಾದರೆ ಗೌರಿಬಿದನೂರಿನಲ್ಲಿ ತಡ, ನಗರಗೆರೆಯಲ್ಲಿ ಇನ್ನೂ ತಡ. ನಾನು ತಲೆ ಒರೆಸಿಕೊಳ್ಳುತ್ತಾ ಬರಿಗಾಲಲ್ಲಿ ಓಡಿ ಬರುವಷ್ಟರಲ್ಲಿ ಸರೋಜ ಆಗಲೇ ಹೂ ಇಟ್ಟು, ಕೆಂಪು ಬಲ್ಬು ಹಾಕಿ, ಸ್ವಿಚ್ಚಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿರುತ್ತಾಳೆ.

"ಬೇಗ ಬಿಡ್ರೀ," ಎನ್ನುತ್ತಾಳೆ, "ಚಿಂತಾಮಣಿಗೆ ಹೋಗ್ಬೇಕು."