ಪ್ರವಾದಿ ಅಕ್ಕ ಬದಲಾಯಿಸಿದ ಬೀಗ

ಬೀದಿಯವರು ಅವಳನ್ನು ಪ್ರವಾದಿ ಅಕ್ಕ ಎನ್ನುತ್ತಿದ್ದರು. ಎದುರಿಗೆ ಗೌರವಕ್ಕೆ, ಬೆನ್ನ ಹಿಂದೆ ತಮಾಷೆಗೆ. ಕಸುಬಿನಿಂದ ಅವಳು ಹೊಲಿಗೆಯವಳು. ಮೇಲುಮಹಡಿಯ ಕೋಣೆಯಲ್ಲಿ ಎರಡು ಮಷಿನ್ನು ಹಾಕಿಕೊಂಡು ಶಾಲೆಯ ಯೂನಿಫಾರ್ಮು, ಕೆಲಸದವರ ಕೋಟು ಹೊಲಿಯುತ್ತಿದ್ದಳು. ಭಾನುವಾರ ಮಾತ್ರ ಚರ್ಚಿನ ಹಿಂದಿನ ಕೊಠಡಿಯಲ್ಲಿ ಹೆಂಗಸರಿಗೆ ಬೈಬಲ್ ಪಾಠ ಹೇಳುತ್ತಿದ್ದಳು. ಯಾವ ವರ್ಷ ಯಾವ ಪಾಠ ಎಂದು ಪಾಸ್ಟರ್ ಗೊತ್ತುಮಾಡಿದರೂ, ಅಕ್ಕನ ಬಾಯಿಗೆ ಬರುವಷ್ಟರಲ್ಲಿ ಅದು ಪ್ರವಾದಿಗಳ ಪಾಠವೇ ಆಗಿಬಿಡುತ್ತಿತ್ತು. ಆಮೋಸ ಬಡವರನ್ನು ತುಳಿದವರ ಮೇಲೆ ಗುಡುಗಿದ್ದನ್ನು ಅವಳು ಹೇಳುವಾಗ ಹೆಂಗಸರು ಸೆರಗು ಬಿಗಿಹಿಡಿದು ಕೂರುತ್ತಿದ್ದರು. ಯೆರೆಮೀಯ ಮಡಕೆ ಒಡೆದ ಜಾಗಕ್ಕೆ ಬಂದಾಗ ಮೇಜು ಗುದ್ದುತ್ತಿದ್ದಳು. ಮೇಜಿನ ಮೇಲಿನ ನೀರಿನ ಲೋಟವನ್ನು ಅಷ್ಟು ಹೊತ್ತಿಗೆ ಯಾರಾದರೂ ಎತ್ತಿಟ್ಟಿರುತ್ತಿದ್ದರು.

ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಸಾಕಿದವಳು ಅವಳೇ. ತಮ್ಮ ಬೀಗದವನು. ಬಸ್ ನಿಲ್ದಾಣದ ಪಕ್ಕ ಒಂದು ಪೆಟ್ಟಿಗೆ ಅಂಗಡಿ, ಗೋಡೆ ತುಂಬ ಹಲ್ಲಿಲ್ಲದ ಕೀಲಿಗಳು, ಕೈಯಲ್ಲಿ ಸದಾ ಕೀಲಿ ಉಜ್ಜುವ ಒಂದು ಅರ. ಮಾತು ಕಡಿಮೆ. ಮದುವೆಯಾದಮೇಲೆ ಅಕ್ಕನ ಮನೆಯ ಎದುರಿಗೇ ಒಂದು ಚಿಕ್ಕ ಮನೆ ಹಿಡಿದ. ಅಕ್ಕ ಹೊಲಿಯುತ್ತ ಕೂತರೆ ಕಿಟಕಿಯಿಂದ ಅವನ ಬಾಗಿಲು ನೇರವಾಗಿ ಕಾಣುತ್ತಿತ್ತು.

ಆ ಬಾಗಿಲು ದಾಟಿ ಅವನ ಹೆಂಡತಿ ಒಂದು ದಿನ ಹೋಗಿಬಿಟ್ಟಳು. ಹೋದದ್ದು ಹೊಲಿಗೆ ಮಷಿನ್ ರಿಪೇರಿಯವನ ಜೊತೆ. ಅವನು ಬರುತ್ತಿದ್ದದ್ದು ಅಕ್ಕನ ಮಷಿನ್ ರಿಪೇರಿಗೆ. ಅವರಿಬ್ಬರ ಪರಿಚಯ ಆದದ್ದೂ ಅಕ್ಕನ ಕೋಣೆಯಲ್ಲೇ. ಅವನಿಗೆ ಟೀ ಕೊಡು ಎಂದು ತಮ್ಮನ ಹೆಂಡತಿಯನ್ನು ಕೂಗಿ ಕರೆದವಳೂ ಅಕ್ಕನೇ. ಬೀದಿಯವರಿಗೆ ಇದು ಗೊತ್ತಿತ್ತು. ಯಾರೂ ಎದುರಿಗೆ ಆಡಲಿಲ್ಲ. ಆದರೆ ಅವಳು ತರಕಾರಿ ಕೊಳ್ಳಲು ನಿಂತರೆ ಪಕ್ಕದವರ ಮಾತು ಥಟ್ಟನೆ ನಿಲ್ಲುತ್ತಿತ್ತು. ಆ ಸಿಟ್ಟನ್ನೆಲ್ಲ ಅವಳು ಬಿಟ್ಟುಹೋದವಳ ಮೇಲೆ ತಿರುಗಿಸಿದಳು.

"ಬೀಗ ಬದಲಾಯಿಸೋ," ಎಂದಳು ತಮ್ಮನಿಗೆ.

"ಊರವರ ಬೀಗ ಎಲ್ಲಾ ಬದಲಾಯಿಸ್ತೀನಿ ಅಕ್ಕ. ಇದೊಂದು ಬೇಡ."

"ಯಾಕೋ?"

"ಅವಳ ಹತ್ರ ಕೀಲಿ ಇದೆ."

"ಅದಕ್ಕೇ ಕಣೋ ಬದಲಾಯಿಸು ಅಂತಿರೋದು!"

"ನಾನೂ ಅದಕ್ಕೇ ಬೇಡ ಅಂತಿರೋದು," ಎಂದು ತಮ್ಮ ಎದ್ದುಹೋದ.

ವರ್ಷ ಕಳೆಯಿತು. ರಿಪೇರಿಯವನು ಅವಳನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡನಂತೆ ಎಂಬ ಸುದ್ದಿ ಬಂತು. ಅದು ಬಂದ ಸಮಯದಲ್ಲಿ ತಮ್ಮ ಊರಲ್ಲಿರಲಿಲ್ಲ. ಇನ್ನೊಂದು ಊರಿನ ಹೊಸ ಹಾಸ್ಟೆಲ್ಲಿಗೆ ಬೀಗ ಕೂರಿಸುವ ಕೆಲಸ ಸಿಕ್ಕಿ ಹೋಗಿದ್ದ. ಚರ್ಚಿಗೆ ಜೊತೆಯಾಗಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಹೆಂಡತಿ ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ನಿಮ್ಮ ತಮ್ಮನ ಹೆಂಡ್ತಿನ ಬಸ್ ಸ್ಟಾಂಡಲ್ಲಿ ನೋಡ್ದೆ. ಬರೀ ಮೂಳೆ ಚಕ್ಕಳ. ಗುರುತೇ ಸಿಗಲಿಲ್ಲ," ಎಂದಳು.

ಅಕ್ಕ ಆ ಮಧ್ಯಾಹ್ನವೇ ಬಡಗಿಯನ್ನು ಕರೆಸಿದಳು. ತಮ್ಮ ಅವಸರಕ್ಕೆಂದು ಅವಳ ಬಳಿ ಬಿಟ್ಟುಹೋಗಿದ್ದ ಕೀಲಿಯಿಂದಲೇ ಬಾಗಿಲು ತೆಗೆದು, ನಿಂತು, ಹಳೆಯ ಬೀಗ ಕೀಳಿಸಿ ಹೊಸದು ಹಾಕಿಸಿದಳು. "ಬೀಗದವರ ಮನೆಗೆ ನಾನು ಬೀಗ ಹಾಕೋದೇ? ಹೊರಗೆ ಹೇಳ್ಬೇಡಿ, ನಗ್ತಾರೆ," ಎಂದ ಬಡಗಿ. ಅಕ್ಕ ನಗಲಿಲ್ಲ.

ಮರುದಿನ ಅವಳು ಬಂದೇಬಿಟ್ಟಳು. ಅಕ್ಕ ಕಾಲರು ಹೊಲಿಯುತ್ತಿದ್ದವಳು ಕಾಲು ನಿಲ್ಲಿಸಿದಳು. ಕೆಳಗೆ ತಮ್ಮನ ಹೆಂಡತಿ ಒಂದು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಮುಂದೆ ನಿಂತಿದ್ದಳು. ಆಮೇಲೆ ಕತ್ತಿನ ದಾರದಿಂದ ಕೀಲಿ ತೆಗೆದು ಹಾಕಿದಳು. ಅದು ಒಳಗೆ ಹೋಗಲಿಲ್ಲ. ಕೀಲಿಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಹಾಕಿದಳು. ಬಾಗಿ ಬೀಗವನ್ನು ನೋಡಿದಳು, ಬೆರಳಿನಿಂದ ಮುಟ್ಟಿ ನೋಡಿದಳು. ತಲೆಯೆತ್ತಿ ಕಿಟಕಿಯ ಕಡೆ ನೋಡುವಷ್ಟರಲ್ಲಿ ಅಕ್ಕ ಪರದೆ ಎಳೆದಿದ್ದಳು.

ಹೆಜ್ಜೆ ಸಪ್ಪಳ ದೂರವಾದಮೇಲೆ ಅಕ್ಕ, "ನಿನ್ನ ನ್ಯಾಯ ದೊಡ್ಡದಪ್ಪಾ ದೇವರೇ," ಎಂದು ಗಟ್ಟಿಯಾಗಿಯೇ ಹೇಳಿದಳು. ಆವತ್ತು ಸಂಜೆಯವರೆಗೆ ಮಷಿನ್ನು ಹಾಡಿದಂತೆ ಓಡಿತು.

ಆ ಭಾನುವಾರದ ಪಾಠ ಹೋಶೇಯನದು. ಅಕ್ಕನೇನೂ ಆರಿಸಿದ್ದಲ್ಲ, ಸರದಿಯಲ್ಲಿ ಬಂದದ್ದು. ಬಿಟ್ಟುಹೋದ ಹೆಂಡತಿಯನ್ನು ಪ್ರವಾದಿ ಹುಡುಕಿಕೊಂಡು ಹೋಗಿ ಮನೆಗೆ ಕರೆತಂದ ಕಥೆ. ಜನ ದೇವರನ್ನು ಬಿಟ್ಟರೂ ದೇವರು ಜನರನ್ನು ಬಿಡುವುದಿಲ್ಲ ಎಂಬುದಕ್ಕೆ ಅವನ ಸಂಸಾರವೇ ಗುರುತು ಎಂದು ಅಕ್ಕ ವರ್ಷವರ್ಷವೂ ಹೇಳಿಕೊಂಡು ಬಂದಿದ್ದಳು. ಈ ಸಲವೂ ಶುರುಮಾಡಿದಳು. ನಿಷ್ಠೆ ಎಂದರೇನು ಎಂದು ಹೇಳಿದಳು. ಹೇಳಿ ಮುಗಿಸುವಾಗ ಪೋಸ್ಟ್‌ಮ್ಯಾನ್ ಹೆಂಡತಿ ಕೈಯೆತ್ತಿದಳು. ಅವಳಿಗೆ ಬೀಗದ ವಿಷಯ ಏನೂ ತಿಳಿದಿರಲಿಲ್ಲ. ಕೇಳಬೇಕೆನಿಸಿದ್ದನ್ನು ಕೇಳಿಬಿಡುವ ಜೀವ.

"ಅಲ್ಲ ಅಕ್ಕಾ, ಅವನು ಹೆಂಡ್ತಿನ ವಾಪಸ್ ಕರ್ಕೊಂಡು ಬಂದಾಗ ಅವನ ಮನೆಯವರು ಏನಂದ್ರು? ಅಕ್ಕನೋ ಅಣ್ಣನೋ ಇದ್ದೇ ಇರ್ತಾರಲ್ಲ. ಒಳಗೆ ಬಿಟ್ರಾ?"

ಎರಡು ಮೂರು ಜನ ನಕ್ಕರು. ಅಕ್ಕ ಬೈಬಲ್ ಮುಚ್ಚಿದಳು. ಕಣ್ಣ ಮುಂದೆ ಸೀರೆಗೆ ಕೀಲಿ ಒರೆಸಿಕೊಳ್ಳುತ್ತಿದ್ದ ಆ ಕೈ ಬಂತು. ಕಿವಿಯಿಂದ ಕತ್ತಿನವರೆಗೆ ಬಿಸಿ ಹತ್ತಿತು. "ಅದನ್ನ ಬರೆದಿಲ್ಲ," ಎಂದು ಹೇಗೋ ಹೇಳಿ, ತಲೆನೋವೆಂದು ಪ್ರಾರ್ಥನೆಯನ್ನೂ ಮಾಡದೆ ಮನೆಗೆ ಬಂದಳು.

ಮನೆಯಲ್ಲಿ ತಮ್ಮ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದ. ಆಗತಾನೇ ಊರಿಂದ ಬಂದವನು.

"ಬೀಗ ಯಾರಕ್ಕ ಬದಲಾಯಿಸಿದ್ದು?"

"ಹಳೇದು ಸಿಕ್ಕಿಹಾಕಿಕೊಳ್ತಿತ್ತು ಕಣೋ. ನಾನೇ ಹಾಕಿಸ್ದೆ."

"ಹೋಗೋ ಮುಂಚೆ ಎಣ್ಣೆ ಹಾಕಿ ಹೋಗಿದ್ದೆನಲ್ಲ," ಎಂದ ತಮ್ಮ. ಅಷ್ಟೇ. ಹೊಸ ಕೀಲಿ ತೆಗೆದುಕೊಂಡು ಎರಡು ಮೆಟ್ಟಿಲಿಳಿದವನು ತಿರುಗಿ, "ಅವಳೇನಾದ್ರೂ ಬಂದಿದ್ಲಾ?" ಎಂದ.

"ಇಲ್ಲಪ್ಪ," ಎಂದಳು ಅಕ್ಕ.

ಅವಳು ಆ ದಿನದವರೆಗೆ ಅವನಿಗೆ ಸುಳ್ಳು ಹೇಳಿದವಳಲ್ಲ. ಸುಳ್ಳು ಪ್ರವಾದಿಗಳ ಬಗ್ಗೆ ಅವಳೇ ಎಷ್ಟು ಸಲ ಹೇಳಿದ್ದಳು: ದೇವರು ಆಡದ ಮಾತನ್ನು ದೇವರ ಮಾತೆಂದು ಆಡುವವರು. ಹಾಗೆ ಹೇಳುವಾಗ ಅವಳ ಬೆರಳು ಯಾವಾಗಲೂ ಎದುರು ಕೂತವರ ಕಡೆಗೇ ಇರುತ್ತಿತ್ತು.

ಬೆಳಿಗ್ಗೆ ಮಷಿನ್ ಮುಟ್ಟದೆ ತಮ್ಮನ ಹೆಂಡತಿಯನ್ನು ಹುಡುಕಲು ಹೊರಟಳು. ಬಸ್ ನಿಲ್ದಾಣದ ಹಣ್ಣಿನವಳು, "ಆಸ್ಪತ್ರೇಲಿ ಬಟ್ಟೆ ಒಗೆಯೋ ಕೆಲಸಕ್ಕೆ ಸೇರ್ಕೊಂಡ್ಲು," ಎಂದಳು. ಆಸ್ಪತ್ರೆಯ ಹಿಂಭಾಗದಲ್ಲಿ ಆವಿ ತುಂಬಿದ ಉದ್ದನೆಯ ಕೋಣೆ. ತಮ್ಮನ ಹೆಂಡತಿ ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಿದ್ದಳು. ಅಕ್ಕನನ್ನು ಕಂಡು ಹೆದರಿ ಎದ್ದು ನಿಂತಳು.

"ನಾನು ಮತ್ತೆ ಆ ಕಡೆ ಬರಲ್ಲ ಅತ್ತಿಗೆ. ಒಂದೇ ಸಲ ಬಂದಿದ್ದು," ಎಂದಳು, ಕೇಳುವ ಮೊದಲೇ. "ಕೀಲಿ ಹೋಗಲಿಲ್ಲ. ಅವರೇ ಬದಲಾಯಿಸಿದಾರೆ, ಸರಿಯಾಗೇ ಮಾಡಿದಾರೆ ಅಂದ್ಕೊಂಡೆ. ದೇವರು ಬಾಯಿಬಿಟ್ಟು ಹೇಳಲ್ವಲ್ಲ, ಹೀಗೇ ಹೇಳ್ತಾನೆ ಅಂದ್ಕೊಂಡು ಬಂದ್ಬಿಟ್ಟೆ."

ಅಕ್ಕನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ದೇವರಲ್ಲ ಕಣೇ. ಅವನೂ ಅಲ್ಲ. ನಾನು. ಅವನು ಊರಲ್ಲಿರಲಿಲ್ಲ."

ತಮ್ಮನ ಹೆಂಡತಿ ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿ ಮುಗಿಸಿದಳು, ಇನ್ನೊಂದನ್ನು ಎತ್ತಿಕೊಂಡಳು. "ಪರದೆ ಅಲ್ಲಾಡಿತು," ಎಂದಳು. "ನೀವು ಒಳಗಿದೀರಿ ಅಂತ ಗೊತ್ತಾಯ್ತು."

"ಬಾ, ಮನೆಗೆ ಹೋಗೋಣ."

"ಅವರಿಗೆ ಹೇಳಿದೀರಾ?"

ಅಕ್ಕ ಒಂದು ಹೊದಿಕೆಯ ಅಂಚು ಹಿಡಿದು ಮಡಿಸತೊಡಗಿದಳು.

"ಮೊದಲು ಅವರಿಗೆ ಹೇಳಿ ಅತ್ತಿಗೆ. ಕರೆಯೋದೋ ಬಿಡೋದೋ ಅವರಿಗೆ ಸೇರಿದ್ದು. ನನ್ನ ತಪ್ಪು ನನಗೆ ಗೊತ್ತಿದೆ."

ಆಸ್ಪತ್ರೆಯಿಂದ ಪೆಟ್ಟಿಗೆ ಅಂಗಡಿಗೆ ದೂರವೇನಿಲ್ಲ. ಆದರೂ ಅಕ್ಕ ಸುತ್ತುದಾರಿ ಹಿಡಿದಳು. ಅಂಗಡಿಯ ಮುಂದೆ ಒಬ್ಬ ಗಿರಾಕಿ ನಿಂತಿದ್ದ. ಅವನು ಹೋಗಲಿ ಎಂದು ಕಾದರೆ ತನ್ನ ಧೈರ್ಯವೂ ಅವನ ಜೊತೆ ಹೋಗಿಬಿಡುತ್ತದೆ ಎಂದು ಗೊತ್ತಿದ್ದುದರಿಂದ ಅವನೆದುರಿಗೇ ಎಲ್ಲ ಹೇಳಿದಳು. ಬೀಗ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ ಎಂದಳು. ಅವಳು ಬಂದಿದ್ದಳು, ನಾನು ನೋಡಿದೆ, ನೋಡಿ ಖುಷಿಪಟ್ಟೆ ಎಂದಳು. ಗಿರಾಕಿ ರಸ್ತೆಯ ಕಡೆ ತಿರುಗಿ ನಿಂತ. ತಮ್ಮ ಕೀಲಿಗೆ ಅರ ಉಜ್ಜುತ್ತಲೇ ಇದ್ದ. ಕೆಲಸ ಮುಗಿಸಿ ಕೀಲಿಯನ್ನು ಗಿರಾಕಿಯ ಕೈಗಿಟ್ಟು, ಅಂಗಡಿಯ ಬಾಗಿಲೆಳೆದು, "ಎಲ್ಲಿದಾಳೆ?" ಎಂದ.

ಹೇಳಿದಳು. ಅವನು ಅವಳ ಮುಖವನ್ನೂ ನೋಡದೆ ಹೊರಟ. ಬೈದಿದ್ದರೆ ಅಕ್ಕ ಹಗುರಾಗುತ್ತಿದ್ದಳು. ಬೀದಿಯ ತಿರುವಿನವರೆಗೆ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಹೆಂಡತಿ ಮನೆಗೆ ಬಂದಳು. ಅದು ಕೂಡಲೇ ಆಗಲಿಲ್ಲ. ಅವನು ಆಸ್ಪತ್ರೆಗೆ ಎಷ್ಟೋ ಸಲ ಹೋಗಿ ಬರಬೇಕಾಯಿತು. ಬಂದಮೇಲೂ ಆ ಮನೆಯಿಂದ ನಗು ಕೇಳಲು ಬಹಳ ದಿನ ಹಿಡಿಯಿತು. ಅಷ್ಟು ಕಾಲವೂ ತಮ್ಮ ಅಕ್ಕನ ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲಿ ಎದುರಾದರೆ "ಊಟ ಆಯ್ತಾ ಅಕ್ಕ?" ಎನ್ನುತ್ತಿದ್ದ, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಇನ್ನು ಪಾಠ ಹೇಳುವುದಿಲ್ಲ ಎಂದು ಅಕ್ಕ ಪಾಸ್ಟರಿಗೆ ತಿಳಿಸಿದಳು. ಅವರು ಒಳ್ಳೆಯ ಮನುಷ್ಯ. ಸಮಾಧಾನ ಹೇಳಿದರು.

"ಪ್ರವಾದಿಗಳೂ ಹಿಂಜರಿದರಮ್ಮ. ಯೆರೆಮೀಯ ನನ್ನ ಕೈಲಾಗಲ್ಲ ಅಂದ. ಯೋನ ಓಡೇಹೋದ."

"ತೀರ್ಪು ಹೇಳೋಕೆ ಅವರಿಗೆ ಸಂಕಟ ಆಗ್ತಿತ್ತು ಅಯ್ಯನವರೇ. ಯೆರೆಮೀಯ ಅಳ್ತಾ ಹೇಳಿದ," ಎಂದಳು ಅಕ್ಕ. "ನನಗೆ ಹೇಳೋಕೆ ಯಾವಾಗಲೂ ಖುಷಿಯಾಗ್ತಿತ್ತು."

ಪಾಸ್ಟರ್ ಮತ್ತೆ ಒತ್ತಾಯಿಸಲಿಲ್ಲ. ಪಾಠ ಪೋಸ್ಟ್‌ಮ್ಯಾನ್ ಹೆಂಡತಿಯ ಪಾಲಿಗೆ ಬಂತು. ಅವಳಿಗೆ ಅರ್ಧ ಹೆಸರುಗಳು ನೆನಪಿರುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಅಕ್ಕನ ಕಡೆ ನೋಡಿದರೆ, ಅಕ್ಕ ಮೆಲ್ಲಗೆ ಹೆಸರು ಹೇಳಿಕೊಟ್ಟು ಮತ್ತೆ ತಲೆತಗ್ಗಿಸುತ್ತಿದ್ದಳು. ಬೀದಿಯವರು ಮಾತ್ರ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಹಿಡಿಯಷ್ಟಾಗುತ್ತಿತ್ತು. ಹಾಗೆ ಕರೆಯಬೇಡಿ ಎನ್ನಲು ಕಾರಣ ಹೇಳಬೇಕಾಗುತ್ತದಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಕೆಲಸಕ್ಕೆ ಹಾಕಿಕೊಳ್ಳಲು ದಪ್ಪ ಬಟ್ಟೆಯ ಕೋಟು ಬೇಕಿತ್ತು. ಬೇರೆ ಹೊಲಿಗೆಯವರು ಊರಲ್ಲಿ ಇರಲಿಲ್ಲವೆಂದಲ್ಲ. ಅಕ್ಕ ಅಳತೆಯ ಟೇಪು ಹಿಡಿದು ಎದ್ದಳು. ಸೊಂಟದ ಅಳತೆ ತೆಗೆದಳು, ಉದ್ದ ತೆಗೆದಳು, ತೋಳಿನದೂ ಆಯಿತು. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ.

"ಕುತ್ತಿಗೆದು ಬಾಕಿ ಇದೆ ಅತ್ತಿಗೆ," ಎಂದಳು ತಮ್ಮನ ಹೆಂಡತಿ. "ಅದಕ್ಕೆ ನನ್ನ ಕಡೆ ನೋಡ್ಲೇಬೇಕಲ್ಲ."

ಅಕ್ಕ ತಲೆಯೆತ್ತಿದಳು. ಕಣ್ಣು ತುಂಬಿ ಟೇಪಿನ ಗೆರೆಗಳು ಕಾಣಲಿಲ್ಲ. ಮತ್ತೊಮ್ಮೆ ಸುತ್ತಿ ನೋಡಬೇಕಾಯಿತು.