ನರ್ಸಮ್ಮನ ಬೆರಳು

ನಾನು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಮನೆಯಲ್ಲಿ ‘ಇವರು’ ಎಂದರೆ ಸಾಕು. ಆಫೀಸಿನ ಚಾರ್ಟಿನಲ್ಲಿ ಇವರು ‘ಸಂಶೋಧಕರು’, ನಾನು ‘ಪ್ರಾಜೆಕ್ಟ್ ಮ್ಯಾನೇಜರ್’. ಆಫೀಸು ಎಂದರೆ ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಹಿಡಿದ ಎರಡು ಕೋಣೆ, ಮನೆಯಿಂದ ಐದು ನಿಮಿಷದ ನಡಿಗೆ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದವರೇ ಹತ್ತು ಗಂಟೆಗೆ ನನ್ನೆದುರು ಕೂತು ಸರ್ಕ್ಯೂಟು ಇನ್ನೂ ಎರಡು ವಾರ ತಡ ಎನ್ನುತ್ತಾರೆ. ಯಾಕೆ ತಡ ಎಂದು ಕೇಳಬೇಕಾದ್ದು ನನ್ನ ಕೆಲಸ. ಕೇಳಿದರೆ ಆವತ್ತು ಮನೆಯಲ್ಲಿ ಮಾತಿಲ್ಲ.

ಮದುವೆಯಾದ ಹೊಸದರಲ್ಲಿ ಶಿವಮೊಗ್ಗದಲ್ಲಿ ಕಟ್ಟಡ ಕಟ್ಟುವವರ ಹತ್ತಿರ ಇದೇ ಕೆಲಸ ಮಾಡುತ್ತಿದ್ದೆ. ಇವರು ಆಸ್ಪತ್ರೆಗಳ ಉಪಕರಣ ರಿಪೇರಿ ಮಾಡುತ್ತಾ ಊರೂರು ತಿರುಗುತ್ತಿದ್ದವರು. ಸೂಜಿ ಚುಚ್ಚದೆ, ಬೆರಳಿಗೆ ಕ್ಲಿಪ್ ಹಾಕಿ, ಬೆಳಕು ಹಾಯಿಸಿ ರಕ್ತ ಕಮ್ಮಿ ಇದೆಯಾ ಎಂದು ಹೇಳುವ ಯಂತ್ರ ಮಾಡುತ್ತೇನೆ ಅಂತ ಹಟ ಹಿಡಿದರು. “ಆರು ತಿಂಗಳು ಬಾ, ಎಲ್ಲ ಒಂದು ದಾರಿಗೆ ತಂದುಕೊಟ್ಟು ಹೋಗು” ಎಂದರು. ಆರು ತಿಂಗಳು ಆರು ವರ್ಷವಾಯಿತು. ಬೇರೆಯವರ ಕೆಲಸವಾಗಿದ್ದರೆ ಎಂದೋ ಕೈಮುಗಿದು ಎದ್ದು ಬರುತ್ತಿದ್ದೆ. ಇಲ್ಲಿ ಎದ್ದು ಬಂದರೂ ಅದೇ ಮನುಷ್ಯನ ಮನೆಗೇ ಬರಬೇಕು. ನನಗೆ ಉಸಿರು ಕಟ್ಟುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತೀರ್ಥಹಳ್ಳಿಯಲ್ಲಿ ಕಾಲೇಜು ಹುಡುಗಿಯರ ಮೇಲೆ ಯಂತ್ರ ಪರೀಕ್ಷಿಸಿ, ಲ್ಯಾಬಿನ ಫಲಿತಾಂಶದ ಜೊತೆ ತಾಳೆ ನೋಡಿದ್ದೆವು. ಚೆನ್ನಾಗಿ ಹೊಂದಿತ್ತು. ಹಳ್ಳಿಯ ನರ್ಸೊಬ್ಬರು ತಾವಾಗಿ ಅದನ್ನು ಬಳಸಬಲ್ಲರೇ ಎಂದು ನೋಡುವುದಷ್ಟೇ ಬಾಕಿ. ಅದಕ್ಕೆ ಹೊಸನಗರದ ಕಡೆಯ ಒಂದು ಊರಿಗೆ ಹೋದೆವು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಹನ್ನೆರಡು ಹೆಂಗಸರನ್ನು ಅಲ್ಲಿನ ನರ್ಸಮ್ಮ ಸೇರಿಸಿದ್ದರು. ಬಂದವರು ಬರಿಗೈಯಲ್ಲಿ ಹೋಗಬಾರದು ಎಂದು, ಫಲಿತಾಂಶ ಬರೆದು ಕೊಡಲು ಚೀಟಿ ಅಚ್ಚು ಹಾಕಿಸಿದ್ದವಳು ನಾನು. ಬೇಡ ಎಂದಿದ್ದರು ಇವರು. ಆ ವಿಷಯದಲ್ಲಿ ಇವರೇ ಸರಿ, ನಾನು ತಪ್ಪು.

ನರ್ಸಮ್ಮ ನಮ್ಮಿಬ್ಬರನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಅವಲಕ್ಕಿ, ಕಷಾಯ ಕೊಟ್ಟರು. ತಾವೇ ಮುಂದಿನ ಕೋಣೆಯಲ್ಲಿ ಪರೀಕ್ಷೆ ಮುಗಿಸಿ, ಹನ್ನೆರಡು ಚೀಟಿ ತಂದು ಮುಂದಿಟ್ಟರು. ಎಲ್ಲದರಲ್ಲೂ ಯಂತ್ರದ ಅಂಕಿ, ಕೆಳಗೆ ‘ರಕ್ತ ಸರಿ ಇದೆ’. ಅವಲಕ್ಕಿಯ ಕೈ ಒರೆಸಿಕೊಂಡು ಹನ್ನೆರಡಕ್ಕೂ ಸಹಿ ಹಾಕಿದೆ.

ಎರಡು ತಿಂಗಳಾದ ಮೇಲೆ, ಯಂತ್ರ ತಯಾರಿಸಲು ಒಪ್ಪಿದ್ದ ಕಂಪನಿಗೆ ಕಳಿಸುವ ಕೊನೆಯ ವರದಿ ಬರೆಯುತ್ತಿದ್ದೆ. ಹೊಸನಗರದ ಹನ್ನೆರಡು ಅಂಕಿ ಸಾಲಾಗಿ ಬರೆದಾಗ ಕಣ್ಣಿಗೆ ಹೊಡೆಯಿತು. ಎಲ್ಲ ಹೆಚ್ಚುಕಮ್ಮಿ ಒಂದೇ. ಹನ್ನೆರಡು ಹೆಂಗಸರ ರಕ್ತ ಹಾಗೆ ಒಂದೇ ಅಳತೆಯಲ್ಲಿ ಇರುತ್ತದೆಯೇ? ನರ್ಸಮ್ಮನಿಗೆ ಫೋನ್ ಮಾಡಿದೆ.

“ಅದಾ ಮೇಡಂ,” ನಕ್ಕರು. “ಅವ್ರ ಕೈಯೆಲ್ಲ ಅಡಿಕೆ ಚೊಗರು ಹಿಡ್ದು ಕಪ್ಪಾಗಿತ್ತಲ್ಲ, ಎಷ್ಟು ಸಲ ಇಟ್ರೂ ಮಷೀನು ಏನೂ ತೋರಿಸ್ಲಿಲ್ಲ. ಅಷ್ಟು ದೂರದಿಂದ ಬಂದೋರು ನೀವು, ಬೇಜಾರಾಗ್ತದೆ ಅಂತ ನನ್ನ ಬೆರಳೇ ಇಟ್ಟೆ.”

ಬೈಯಲು ಬಾಯಿ ಬರಲಿಲ್ಲ. ಮನೆಗೆ ಬಂದವರ ಮುಖ ಸಣ್ಣದಾಗಬಾರದು ಎಂಬ ನಮ್ಮ ಕಡೆಯ ಬುದ್ಧಿ ನನಗೆ ಗೊತ್ತಿಲ್ಲದ್ದೇ? ಚೀಟಿ ಅಚ್ಚು ಹಾಕಿಸಿದ ನನ್ನದೂ ಅದೇ ಬುದ್ಧಿ. ಆದರೆ ಅಡಿಕೆ ಸೀಮೆಯ ಹೆಂಗಸರ ಬೆರಳನ್ನೇ ಓದಲಾರದ ಯಂತ್ರವನ್ನು ಯಾರಿಗೆ ಕೊಡುವುದು?

ಎರಡು ದಿನ ಇವರಿಗೆ ಹೇಳಲಿಲ್ಲ. ವರದಿಗೆ ನನ್ನ ಸಹಿ ಬಿದ್ದರೆ ಯಂತ್ರ ತಯಾರಾಗುತ್ತದೆ, ನನಗೂ ಬಿಡುಗಡೆ. ಬೀಳದಿದ್ದರೆ ಮತ್ತೆ ಮೊದಲಿನಿಂದ, ಅದೇ ಎರಡು ಕೋಣೆ. ಇವರು ಖುಷಿಯಲ್ಲಿದ್ದರು, ಅಡುಗೆಮನೆಗೆ ಬಂದು ಕಾಯಿ ತುರಿದುಕೊಟ್ಟರು. ನನಗೆ ಅಳು ಬಂತು, ಈರುಳ್ಳಿ ಎಂದೆ.

ಮೂರನೇ ದಿನ ಹೊಸನಗರದ ಬಸ್ಸು ಹತ್ತಿದೆ. ಆ ಹನ್ನೆರಡು ಜನರನ್ನೂ ಸೂಜಿ ಚುಚ್ಚಿ ಮತ್ತೆ ಪರೀಕ್ಷಿಸಬೇಕು ಎಂದಾಗ ನರ್ಸಮ್ಮನ ನಗು ನಿಂತಿತು. ಮೊದಲು ಹತ್ತಿರದ, ಅಡಿಕೆ ಸುಲಿಯುವ ಮನೆಯೊಂದಕ್ಕೆ ಕರೆದುಕೊಂಡು ಹೋದರು. ಆ ಹನ್ನೆರಡು ಜನರಲ್ಲಿ ಒಬ್ಬಳು, ಮೂವತ್ತರ ಆಚೀಚಿನ ಹೆಂಗಸು, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ನರ್ಸಮ್ಮ ಬೆರಳಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಹಾಕಿ ನೋಡಿದರು. ರಕ್ತ ತೀರಾ ಕಮ್ಮಿ. ಹಿಂದಿನ ಫಲಿತಾಂಶ ತಪ್ಪಾಗಿತ್ತು ಎಂದು ನಾನೇ ಅವಳಿಗೆ ಹೇಳಿದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಂಗೆ ಗೊತ್ತಿತ್ತು,” ಅಂದಳು. “ಏಳೋಕೇ ಆಗ್ತಿರ್ಲಿಲ್ಲ. ಸುಸ್ತು ಅಂದ್ರೆ ಅತ್ತೆ ನಿಮ್ಮ ಚೀಟಿ ತೋರಿಸ್ತಾರೆ. ಮಷೀನೇ ಸರಿ ಇದೆ ಅಂದಿದೆ, ಇವ್ಳಿಗೆ ಸೋಮಾರಿತನ ಅಂತಾರೆ. ಮುಂಚೆ ಒಂದಿನ ಮಲಗಿದ್ರೆ ಬಿಡ್ತಿದ್ರು. ಈಗ ಅದೂ ಇಲ್ಲ.”

ಯಂತ್ರ ಬರುವ ಮೊದಲು ಅವಳ ಮಾತಿಗಾದರೂ ಒಂದಿಷ್ಟು ಬೆಲೆ ಇತ್ತು. ನನ್ನ ಸಹಿ ಅದನ್ನೂ ಕಿತ್ತುಕೊಂಡಿತ್ತು.

“ಮನೆಗೆ ಬಂದು ನಿಮ್ಮತ್ತೆಗೆ ಹೇಳ್ತೀನಿ,” ಎಂದೆ.

“ಬಾಯಲ್ಲಿ ಹೇಳಿದ್ರೆ ನಂಬಲ್ಲ ಅಕ್ಕಾ. ಬರೆದು ಸಹಿ ಹಾಕ್ಕೊಡಿ.”

ನರ್ಸಮ್ಮನ ಪುಸ್ತಕದಿಂದ ಹಾಳೆ ಹರಿದು ಬರೆದೆ: ನಮ್ಮ ಯಂತ್ರ ಈಕೆಯ ಬೆರಳನ್ನು ಓದಿಯೇ ಇಲ್ಲ, ಮೊದಲಿನ ಚೀಟಿ ಸುಳ್ಳು, ಈಕೆಗೆ ರಕ್ತ ಕಮ್ಮಿ ಇದೆ, ಔಷಧಿ ಮತ್ತು ವಿಶ್ರಾಂತಿ ಬೇಕು. ಕೆಳಗೆ ಹೆಸರು, ಹುದ್ದೆ, ಸಹಿ. ಅದನ್ನು ಬರೆದು ಕೊಟ್ಟ ಮೇಲೆ ಸಾಗರದ ಮೇಜಿನ ಮೇಲಿದ್ದ ವರದಿಗೆ ಅರ್ಥವಿರಲಿಲ್ಲ. ಉಳಿದ ಹನ್ನೊಂದು ಜನರನ್ನು ಸಂಜೆಯೊಳಗೆ ಹುಡುಕುವುದಾಗಿ ನರ್ಸಮ್ಮ ಮಾತು ಕೊಟ್ಟರು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಎಲ್ಲ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಇವರು ಕೂಗಾಡಲಿಲ್ಲ. ತಮ್ಮ ಬೆರಳನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು.

“ಕಪ್ಪು ಬೆರಳು ದಾಟೋ ಬೆಳಕು ಹುಡುಕಬೇಕು. ಎಷ್ಟು ದಿನ ಹಿಡೀಬಹುದು?” ಎಂದು ಮ್ಯಾನೇಜರನ್ನು ಕೇಳಿದರು.

“ಎರಡು ವರ್ಷ,” ಎಂದೆ.

“ನೀನು ಇರ್ತೀಯಲ್ಲ?” ಎಂದರು.

“ನಾನು ಎಲ್ಲಿಗೆ ಹೋಗ್ಲಿ?” ಎಂದೆ.

ಇವರ ಮುಖ ಅರಳಿತು. ಅದನ್ನು ಪ್ರೀತಿಯ ಮಾತು ಅಂದುಕೊಂಡರು. ಆವತ್ತು ಎಷ್ಟೋ ತಪ್ಪು ತಿದ್ದಿದ್ದೆ, ಅದೊಂದನ್ನು ತಿದ್ದಲಿಲ್ಲ.