ಟೈಪಮ್ಮನ ಮೂವರು ಸಾಹೇಬರು

ಟೈಪಮ್ಮ ಜೀವಮಾನದಲ್ಲಿ ಮೂವರು ಸಾಹೇಬರ ಕೈಕೆಳಗೆ ದುಡಿದಳು. ಮೂವರೂ ಒಬ್ಬನೇ ಮನುಷ್ಯ ಎಂಬುದು ಅವಳ ಗ್ರಹಚಾರ.

ಮೊದಲು ಅವರು ಕಾನೂನು ಕಾಲೇಜಿನ ಪ್ರಾಧ್ಯಾಪಕರು. ಮನುಷ್ಯನಿಗೆ ತಲೆಯ ಮೇಲೊಂದು ಸೂರು ಬೇಕೇ ಬೇಕೆಂದು ಪುಟಗಟ್ಟಲೆ ಬರೆಯುತ್ತಿದ್ದರು. ಇವಳು ಸೋರುವ ಮೂಲೆಯಲ್ಲಿ ಕೂತು ಟೈಪು ಮಾಡುತ್ತಿದ್ದಳು. ಪಾಠಕ್ಕಿಂತ ಸನ್ಮಾನಗಳು ಹೆಚ್ಚಾದಾಗ ಕಾಲೇಜು ಬಿಟ್ಟು ಕರಿಕೋಟು ತೊಟ್ಟರು. ಅವರ ಕೈಬರಹ ಅವರಿಗೇ ಅರ್ಥವಾಗದ ಕಾರಣ ಟೈಪಮ್ಮನನ್ನೂ ಕರೆದೊಯ್ದರು.

ವಕೀಲರಾಗಿ ಗೆದ್ದ ದೊಡ್ಡ ಕೇಸು ಟೈಪಮ್ಮನ ಬೀದಿಯದೇ. ರಸ್ತೆ ಅಗಲಿಸಲು ಬಡವರ ಮನೆ ಕೆಡವುವುದೇ ಎಂದು ಗುಡುಗಿ ತಡೆಯಾಜ್ಞೆ ತಂದರು. ಬೀದಿಯವರು ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲಿನ ರುಚಿ ಹತ್ತಿದವರು ಕೆಳಗಿಳಿಯುತ್ತಾರೆಯೇ? ಚುನಾವಣೆಗೆ ನಿಂತು, ಗೆದ್ದು, ದೇಶಕ್ಕೇ ಮಂತ್ರಿಯಾದರು; ಟೈಪಮ್ಮನೂ ಜೊತೆಗೆ ಹೋದಳು. ಆಮೇಲೆ ಕಾನೂನನ್ನೇ ಬದಲಿಸಿ, ಅದೇ ಬೀದಿ ಕೆಡವುವ ಆದೇಶಕ್ಕೆ ಸಹಿ ಹಾಕಿದರು. ಅಭಿವೃದ್ಧಿ ಎಂದರೆ ಸುಮ್ಮನೆಯೇ!

ಮನೆಯಲ್ಲಿ ಕಾಲು ಸ್ವಾಧೀನವಿಲ್ಲದ ಅಕ್ಕ. ಟೈಪಮ್ಮ ಮಂತ್ರಿಗಳ ಕೋಣೆಗೆ ಹೋಗಿ ಅವರ ಹಳೆಯ ವಾದವನ್ನು ನೆನಪಿಸಿದಳು.

"ಅದು ವಕೀಲ ಹೇಳಿದ್ದಮ್ಮ. ನಾನೀಗ ಮಂತ್ರಿ," ಎಂದರು ಅವರು.

"ಹಾಗಾದ್ರೆ ಆ ವಕೀಲರನ್ನೇ ಸ್ವಲ್ಪ ಕರೀರಿ ಸಾರ್, ಅವರ ಹತ್ರ ಮಾತಾಡ್ತೀನಿ."

ಮಂತ್ರಿಗಳು ಹೊಟ್ಟೆ ಹಿಡಿದು ನಕ್ಕರು. ಮುಂದಿನ ಭಾಷಣದಲ್ಲಿ ಆ ಮಾತನ್ನು ತಮ್ಮದೆಂದೇ ಸೇರಿಸಿಕೊಂಡರು. ಮನೆ ಬಿತ್ತು. ಟೈಪಮ್ಮ ಅಕ್ಕನನ್ನು ಕುರ್ಚಿಸಮೇತ ಬಾಡಿಗೆಯ ಮಹಡಿಗೆ ಒಂದೊಂದೇ ಮೆಟ್ಟಿಲು ಹತ್ತಿಸಿದಳು.

ಮುಂದಿನ ಚುನಾವಣೆಯಲ್ಲಿ ಮಣ್ಣುಮುಕ್ಕಿದ ನಾಯಕರು ಮತ್ತೆ ಕರಿಕೋಟು ಕೊಡವಿದರು. ಮನೆ ಕಳೆದುಕೊಂಡವರ ಪರವಾಗಿ ತಾವೇ ಕೇಸು ಹಾಕುವುದಾಗಿ ಹೇಳಿದರು. ಬೀದಿಯವರು ಒಪ್ಪಿಕೊಂಡರು. ಆ ಆದೇಶದ ಹುಳುಕು ಅದನ್ನು ಹೊರಡಿಸಿದವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಆದೇಶಕ್ಕೆ ಸಹಿ ಹಾಕಿದ್ದು ಯಾರೆಂದು ಅರ್ಜಿಯಲ್ಲಿ ಟೈಪು ಹೊಡೆಯಲಿ ಎಂದು ಟೈಪಮ್ಮ ಕೇಳಿದಳು. "ಹಿಂದಿನ ಸರ್ಕಾರ ಅಂತ ಹೊಡಿ, ಸಾಕು," ಎಂದರು.

ಅವಳು ಅವರ ಪೂರ್ತಿ ಹೆಸರನ್ನೇ ಪದವಿಗಳ ಬಾಲದ ಸಮೇತ ಹೊಡೆದಳು. ಓದಿ ಸಹಿ ಹಾಕುವ ಅಭ್ಯಾಸ ಅವರಿಗೆ ಮಂತ್ರಿಯಾಗಿದ್ದಾಗಲೇ ತಪ್ಪಿಹೋಗಿತ್ತು. ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಅರ್ಜಿಯಲ್ಲಿದ್ದ ಆ ಹೆಸರು ಓದಿ, ಈ ಮಹನೀಯರು ವಕೀಲರಿಗೆ ಪರಿಚಯವೇ ಎಂದು ಕೇಳಿದರು.

"ಅಷ್ಟಾಗಿ ಇಲ್ಲ, ಸ್ವಾಮಿ," ಎಂದರು ನಾಯಕರು.

ಕೇಸು ಗೆದ್ದಾಯಿತು. ಊರಾಚೆ ಬದಲಿ ಮನೆಗಳು ಸಿಕ್ಕವು. ನಾಯಕರಿಗೆ ಮತ್ತೆ ಹಾರ ಬಿತ್ತು. ಟೈಪಮ್ಮ ಹಾರ ಹಾಕಲು ಹೋಗಲಿಲ್ಲ, ಮರುದಿನ ಕಚೇರಿಗೂ ಹೋಗಲಿಲ್ಲ. ಹೊಸ ಮನೆಯ ಬಾಗಿಲಲ್ಲಿ ಅಕ್ಕನ ಪಕ್ಕ ಕೂತು, ಹಾಯಾಗಿ ಬೆನ್ನಿಗೆ ಬಿಸಿಲು ಕಾಯಿಸಿಕೊಂಡಳು.